ಹೊಗೆ ಹೋದ ಕೆಂಡ

ಇವತ್ತು ಬೆಳಿಗ್ಗೆ ಎದ್ದಾಗ ಅವನಿಗೆ ಏನೂ ಆಗಿರಲಿಲ್ಲ, ಅವಮಾನವೆಂದರೆ ಅದೇ. ತಲೆ ಹಗುರವಾಗಿತ್ತು, ಹೊಟ್ಟೆ ತಣ್ಣಗಿತ್ತು, ಮನೆಯ ಮೂರು ಮಹಡಿ ಇಳಿದು, ಹೊರಟೇಬಿಟ್ಟ ಬಸ್ಸಿನ ಹಿಂದೆ ನಾಲ್ಕು ಹೆಜ್ಜೆ ಓಡಿ ಹತ್ತಿದರೂ ಎದೆ ತನ್ನ ಪಾಡಿಗೆ ತಾನು ಬಡಿದುಕೊಳ್ಳುತ್ತಿತ್ತು. ಈಗ ಕ್ಲಿನಿಕ್ಕಿನ ನೀಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಹದಿನೇಳು ಎಂದು ಬರೆದ ಟೋಕನ್ ಚೀಟಿಯನ್ನು ಮಡಿಸುತ್ತ, ಡಾಕ್ಟರು ಕರೆಯುವುದರೊಳಗೆ ಒಂದಿಷ್ಟಾದರೂ ಕಾಯಿಲೆ ಬರಲಿ ಎಂದು ಕಾಯುತ್ತಿದ್ದ. ಅವರು ಅವನನ್ನು ನಿನ್ನೆ ಸಂಜೆ ಐದಕ್ಕೆ ನೋಡಬೇಕಿತ್ತು, ಇಸ್ತ್ರಿ ಮೇಜಿಗೆ ಎರಡೂ ಕೈ ಊರಿ, ಬಾಯಿ ತೆರೆದು ಗಾಳಿ ಹುಡುಕುತ್ತಿದ್ದವನನ್ನು. ಪಕ್ಕದ ಕುರ್ಚಿಯಲ್ಲಿ ಮಂಡಿಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿ, "ನಿನಗೇನಪ್ಪಾ ಬಂತು, ಗುಂಡುಕಲ್ಲಿನ ಹಾಗಿದ್ದೀಯ," ಎಂದಳು. "ಸುಸ್ತು," ಎಂದ. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಸುಸ್ತು ಎನ್ನುವುದಕ್ಕಿಂತ ಮೂಲವ್ಯಾಧಿ ಎನ್ನುವುದು ವಾಸಿ. ಕೇಳಿದವರು ಕನಿಕರ ಪಡದಿದ್ದರೂ ನಂಬುತ್ತಾರೆ. ಆ ಹೆಂಗಸು "ಓ" ಎಂದು ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಿದಳು. ಚೀಟಿ ಅವನ ಹೆಬ್ಬೆರಳಿನ ಉಗುರಿನಡಿ ಚೂಪಾದ ಗೆರೆಯಾಗಿ ಮಡಚಿಕೊಂಡಿತ್ತು. ಮಾವನ ಇಸ್ತ್ರಿ ಅಂಗಡಿಯಲ್ಲಿ ಅವನನ್ನು ಕರೆಯುವುದೇ ಗೆರೆ ಎಂದು. ಅವನು ಪ್ಯಾಂಟಿಗೆ ಎಳೆದ ಗೆರೆ ಎರಡು ದಿನ ಬಸ್ಸಿನಲ್ಲಿ ನೂಕಾಡಿದರೂ ಅಳಿಯುವುದಿಲ್ಲವೆಂದು ಗಿರಾಕಿಗಳು ಹೇಳುತ್ತಿದ್ದರು, ಮತ್ತು ಆ ಮಾತು ಅವನಿಗೆ ಇಷ್ಟವಾಗುತ್ತಿತ್ತು.

ಅವನ ಕಾಯಿಲೆ ಗಡಿಯಾರ ನೋಡಿಕೊಂಡು ಬರುವಂಥದ್ದು. ಬೆಳಿಗ್ಗೆ ಹತ್ತಕ್ಕೆ ಹಣೆಯ ಸುತ್ತ ಒಂದು ಬಿಗಿತ, ಮಧ್ಯಾಹ್ನ ಬುತ್ತಿಯ ಮುಚ್ಚಳ ತೆಗೆದರೆ ವಾಕರಿಕೆ, ನಾಲ್ಕರ ಹೊತ್ತಿಗೆ ಕಾಲಿಗೆ ಮರಳು ತುಂಬಿದ ಭಾರ, ಆಮೇಲೆ ಉಸಿರು. ಉಸಿರು ಒಳಗೆ ಹೋಗುತ್ತದೆ, ಹೋಗುವುದಿಲ್ಲವೆಂದಲ್ಲ, ಹೋದದ್ದು ಸಾಲುವುದಿಲ್ಲ. ಮನೆಗೆ ಬಂದು ಮೂರು ಮಹಡಿಯನ್ನು ಮೂರು ಕಡೆ ಕೂತು ಹತ್ತುತ್ತಾನೆ, ಪ್ರತಿ ಸಲವೂ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವ ನೆಪ ಮಾಡಿ. ಹತ್ತು ತಿಂಗಳಿಂದ ಹೀಗೆ. ಊರಿಗೆಲ್ಲ ಇದರ ಕಾರಣ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು. ಹೊಟ್ಟೆಗೆ ಸರಿಯಾಗಿ ಬೀಳುತ್ತಿಲ್ಲ ಎಂದು ಅಮ್ಮ, ಫೋನು ನೋಡಿ ನೋಡಿ ಎಂದು ಅಕ್ಕ, ಯಾವಳನ್ನೋ ಮನಸ್ಸಿನಲ್ಲಿಟ್ಟುಕೊಂಡು ಕೊರಗುತ್ತಿದ್ದಾನೆ ಎಂದು ಭಾವ. ಮೊದಲನೇ ಡಾಕ್ಟರು ರಕ್ತಕ್ಕೆಂದು ಕಬ್ಬಿಣದ ಮಾತ್ರೆ ಬರೆದಾಗ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ: "ಬೆಳಗಿಂದ ಸಂಜೆವರೆಗೆ ಕಬ್ಬಿಣ ಹಿಡ್ಕೊಂಡಿರೋನಿಗೆ ಕಬ್ಬಿಣದ ಮಾತ್ರೆ ಕೊಟ್ಟಿದಾರಲ್ಲೋ!" ಎರಡನೆಯವರು ಗ್ಯಾಸ್ ಎಂದರು. ಮೂರನೆಯವರು ಎದೆಗೆ ತಂತಿ ಅಂಟಿಸಿ, ಬೆರಳಿಗೆ ಚಿಮಟದಂಥದ್ದನ್ನು ಸಿಕ್ಕಿಸಿ, ತೊಂಬತ್ತೊಂಬತ್ತು ಇದೆ, ನನಗಿಂತ ಜಾಸ್ತಿ ಎಂದು ಬೆನ್ನು ತಟ್ಟಿ ಕಳಿಸಿದರು. ಪರೀಕ್ಷೆಗಳೆಲ್ಲ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ; ಎಲ್ಲವೂ ಸರಿ ಎಂದು ಬರುತ್ತಿತ್ತು. ಅಮ್ಮ ಆ ಕಾಗದಗಳನ್ನು ಕಪಾಟಿನಲ್ಲಿ ಒಂದರ ಮೇಲೊಂದಿಟ್ಟು, "ಭಾನುವಾರ ಬಂದ್ರೆ ಸಾಕು ಚೆಂಡಾಡೋಕೆ ಓಡ್ತಾನೆ, ಸೋಮವಾರ ಅಂದ್ರೆ ಮಲಗ್ತಾನೆ. ಇದಕ್ಕೆ ಯಾವ ಡಾಕ್ಟರು ಮದ್ದು ಕೊಡ್ತಾನೆ?" ಎಂದು ಗೋಡೆಗೆ ಹೇಳುತ್ತಿದ್ದಳು. ಭಾನುವಾರ ಅವನು ನಿಜವಾಗಿಯೂ ಚೆನ್ನಾಗಿರುತ್ತಿದ್ದ.

ಮೈಗಳ್ಳ. ಮನೆಯಲ್ಲಿ ಆ ಮಾತನ್ನು ಮೊದಲು ಆಡಿದ್ದು ಭಾವ, ಅಂಗಡಿಯಲ್ಲಿ ಮಾವ. ಆದರೆ ಅಂಗಡಿಯಲ್ಲಿ ಆ ಮಾತು ಹುಟ್ಟಿದ್ದು ಅವನ ಬಾಯಲ್ಲೇ, ಹೋದ ವರ್ಷ, ಬೇರೊಬ್ಬಳಿಗಾಗಿ. ಟೋಕನ್ ಚೀಟಿಯ ಗೆರೆಯನ್ನು ಬಿಚ್ಚಿ ಮತ್ತೆ ಅದೇ ಗೆರೆಯ ಮೇಲೆ ಮಡಿಸಿದ. ಕಳಚಿಬಿದ್ದ ಗುಂಡಿಗಳನ್ನು ಹೊಲಿಯುವುದು, ಬಿಚ್ಚಿದ ಅಂಚನ್ನು ಸೇರಿಸುವುದು ಅವಳ ಕೆಲಸ. ಹೆಸರೂ ಗುಂಡಿ ಎಂದೇ ಬಿದ್ದಿತ್ತು. ಒಳಕೋಣೆಯ ಮೂಲೆಯಲ್ಲಿ, ಗೋಡೆಯ ಮೇಲಿನ ಕಿಂಡಿಯ ಕೆಳಗೆ, ಕೆಂಡದ ಒಲೆಯ ಪಕ್ಕದ ಸ್ಟೂಲಿನಲ್ಲಿ ಕೂತು, ಹಲ್ಲಿನಲ್ಲಿ ದಾರ ಕಡಿಯುತ್ತ, ದಿನವಿಡೀ ಏನಾದರೊಂದು ಹೇಳಿ ನಗಿಸುತ್ತಿದ್ದವಳು. ಆಮೇಲೆ ನಗಿಸುವುದು ಕಡಿಮೆಯಾಯಿತು. ತಲೆನೋವು ಎಂದಳು. ಸುಸ್ತು ಎಂದಳು, ಮೈಗಳ್ಳಿ ಎಂದ ಅವನು. ಮಧ್ಯಾಹ್ನ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡು ಬಂದು ಬಾಯಿ ಒರೆಸಿಕೊಂಡು ಮತ್ತೆ ಸೂಜಿ ಹಿಡಿದಳು. ಅವಳಿಗೆ ಆಗಷ್ಟೇ ಒಂದು ಕಡೆ ಗೊತ್ತಾಗಿತ್ತು, ಮದುವೆಗೆ ಮೂರು ತಿಂಗಳಿತ್ತು. ಒಂದು ದಿನ ಮುಂದಿನ ಕೌಂಟರಿನಲ್ಲಿ ಅವಳ ಎದುರು ಮನೆಯ ಕನ್ನಡಕದಮ್ಮ ಸೀರೆ ತೆಗೆದುಕೊಳ್ಳಲು ನಿಂತಿದ್ದಾಗ, ಅವನು ಒಳಗಿನಿಂದ ಕೂಗಿ ಹೇಳಿದ್ದ: "ಮಾವಾ, ಗುಂಡಿಗೆ ವಾಕರಿಕೆ ಅಂತೆ, ಸಿಹಿ ತಂದಿಡಿ!" ಮಾವ ನಕ್ಕ. ಅವನೂ ನಕ್ಕ. ಕನ್ನಡಕದಮ್ಮ ನಗಲಿಲ್ಲ, ಸೀರೆ ತೆಗೆದುಕೊಂಡು ಹೋದಳು. ಹದಿನೈದು ದಿನದಲ್ಲಿ ಆ ಸಂಬಂಧ ಮುರಿದುಬಿತ್ತು. ಹಾಗೇನೂ ಇಲ್ಲವಂತೆ ಎಂದು ಯಾರಾದರೂ ಹೇಳಿದರೆ, ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಇನ್ಯಾರಾದರೂ ಕೇಳುತ್ತಿದ್ದರು. ಇಂಥವಳನ್ನು ಇಟ್ಟುಕೊಂಡರೆ ಅಂಗಡಿಯ ಹೆಸರು ಕೆಡುತ್ತದೆ ಎಂದು ಮಾವ ಅವಳನ್ನು ಬಿಡಿಸಿದಾಗ ಅವನು ಅಂಗಿಯ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದ. ಅವಳು ತನ್ನ ಕತ್ತರಿ, ಸೂಜಿಡಬ್ಬಿ ಎತ್ತಿಕೊಂಡು ಹೋಗುವಾಗ ಕಾಲರನ್ನು ತಿರುಗಿಸಿ ಇನ್ನೊಂದು ಮಗ್ಗುಲಿಗೂ ಹಾಕಿದ.

ಅವಳು ಹೋದ ಮೇಲೆ ಮೂಲೆ ಖಾಲಿಯಾಯಿತು; ಅಲ್ಲಿ ಬಲ್ಬಿನ ಬೆಳಕು ಚೆನ್ನಾಗಿ ಬೀಳುತ್ತದೆಂದು ಅವನು ಮುಂದಿನ ಪರದೆಯ ಬಳಿಯಿದ್ದ ತನ್ನ ಮೇಜನ್ನು ಅಲ್ಲಿಗೆ ಎಳೆದುಕೊಂಡ. ತಿಂಗಳು ಕಳೆಯಲಿಲ್ಲ, ತಲೆನೋವು ಬಂತು. ಆಮೇಲೆ ಸುಸ್ತು. ವಾಕರಿಕೆ ಬಂದ ದಿನ ಹಿತ್ತಲಿನ ಕಲ್ಲಿನ ಮೇಲೆ ಕೂತು, ಇದು ಅವಳದ್ದೇ, ಅವಳು ಬಿಟ್ಟುಹೋದದ್ದೇ ನನಗೆ ಬಂದಿದೆ ಎಂದುಕೊಂಡ. ಒಂದೂ ತಪ್ಪದೆ ಅವಳಿಗೆ ಬಂದ ಕ್ರಮದಲ್ಲೇ ಬಂದಿತ್ತು. ಮಾಡಿದ್ದುಣ್ಣೋ ಮಹಾರಾಯ. ಅಂದಿನಿಂದ ಅವನಿಗೆ ಡಾಕ್ಟರುಗಳ ಮೇಲೆ ನಂಬಿಕೆಯೂ ಇರಲಿಲ್ಲ, ಅವರ ಮೇಲೆ ಸಿಟ್ಟೂ ಇರಲಿಲ್ಲ. ಅವರಿಗೆ ಹೇಗೆ ಗೊತ್ತಾಗಬೇಕು? ಒಳಗೊಳಗೆ ಒಂದು ಬಗೆಯ ಸಮಾಧಾನ ಕೂಡ ಇತ್ತು, ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತಿತ್ತು: ತಪ್ಪಿಗೆ ಶಿಕ್ಷೆ ತಾನಾಗಿ ನಡೆಯುತ್ತಿದೆ, ತಾನು ಬೇರೇನೂ ಮಾಡಬೇಕಾಗಿಲ್ಲ, ಅವಳ ಬೀದಿಗೆ ಹೋಗಬೇಕಾಗಿಲ್ಲ. ಉಸಿರು ಕಟ್ಟಿದ ಸಂಜೆಗಳಲ್ಲಿ, ಇವತ್ತಿನದು ಮುಗಿಯಿತು ಎಂದುಕೊಂಡು ಮಲಗುತ್ತಿದ್ದ.

"ಹದಿನೇಳು," ಎಂದು ನರ್ಸ್ ಕೂಗಿದಳು.

ಈ ಡಾಕ್ಟರಮ್ಮನಿಗೆ ಅವನಿಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ಬಿಳಿ ಕೋಟಿನ ತೋಳಿನಲ್ಲಿ ಎರಡು ಗೆರೆ ಬಿದ್ದಿದ್ದವು, ಯಾರೋ ಅವಸರದಲ್ಲಿ ಹಾಕಿದ ಇಸ್ತ್ರಿ. ಅವನ ಕಣ್ಣು ಮೊದಲು ಅಲ್ಲಿಗೇ ಹೋಯಿತು. ಅವರು ಅವನ ಕಾಗದಗಳನ್ನು ಒಂದೊಂದಾಗಿ ತಿರುವಿದರು. ಬೇರೆಯವರ ಹಾಗೆ ಕೊನೆಯದನ್ನು ಮಾತ್ರ ನೋಡಲಿಲ್ಲ.

"ಎಲ್ಲಾ ರಿಪೋರ್ಟೂ ಚೆನ್ನಾಗಿದೆ."

"ಹೌದು ಮೇಡಂ. ನಾನೊಬ್ಬ ಚೆನ್ನಾಗಿಲ್ಲ."

ಡಾಕ್ಟರಮ್ಮ ನಕ್ಕರು, ಆದರೆ ಕಾಗದಗಳನ್ನು ಮುಚ್ಚಲಿಲ್ಲ. "ನೋಡಿ, ನಿಮ್ಮ ವಯಸ್ಸಿನವರು ಉಸಿರು ಸಾಲಲ್ಲ, ವಾಕರಿಕೆ, ಸುಸ್ತು ಅಂತ ಬಂದ್ರೆ ನಾವು ನೋಡೋದು ಇಷ್ಟೇ. ರಕ್ತ ಕಮ್ಮಿಯಾ, ಥೈರಾಯ್ಡಾ, ಸಕ್ಕರೆಯಾ, ಎದೆ, ಶ್ವಾಸಕೋಶ. ಎಲ್ಲಾ ನೋಡಾಗಿದೆ. ಇನ್ನು ಮನಸ್ಸಿನ ಗಾಬರಿ. ಅದರಿಂದಲೂ ಹೀಗೇ ಆಗುತ್ತೆ, ಅದೇನು ಸುಳ್ಳು ಕಾಯಿಲೆ ಅಲ್ಲ. ಆದ್ರೆ ಗಾಬರಿ ವಾರ ನೋಡ್ಕೊಂಡು ಬರಲ್ಲ. ಭಾನುವಾರ ಹೇಗಿರ್ತೀರಿ?"

ಅವನ ಕಿವಿ ಬಿಸಿಯಾಯಿತು. ಇಲ್ಲಿಗೂ ಬಂತು ಭಾನುವಾರ, ಅಮ್ಮನೇ ಫೋನು ಮಾಡಿ ಹೇಳಿರಬೇಕು. ಸುಳ್ಳು ಹೇಳಿಬಿಡಲೇ ಎಂದುಕೊಂಡ. ಭಾನುವಾರವೂ ಮಲಗಿರುತ್ತೇನೆ, ಏಳಲು ಆಗುವುದಿಲ್ಲ ಎಂದುಬಿಟ್ಟರೆ ಮುಗಿಯಿತು.

"ಭಾನುವಾರ... ಚೆನ್ನಾಗೇ ಇರ್ತೀನಿ," ಎಂದ, ಕದ್ದ ಮಾಲನ್ನು ಮೇಜಿನ ಮೇಲಿಡುವವನ ಹಾಗೆ. "ಚೆಂಡಾಡ್ತೀನಿ. ನಾನು ಮೈಗಳ್ಳ ಅಲ್ಲ ಮೇಡಂ."

"ಯಾರು ಹಾಗಂದ್ರು?" ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅವರ ಮುಖದಲ್ಲಿ ಅಪಹಾಸ್ಯ ಇರಲಿಲ್ಲ. ಏನೋ ಸಿಕ್ಕಿದವರ ಚುರುಕುತನ ಇತ್ತು. "ಚೆನ್ನಾಗಿರ್ತೀನಿ ಅಂತ ಹೇಳಿದ್ದೇ ಒಳ್ಳೇದಾಯ್ತು. ಕೆಲಸ ಎಲ್ಲಿ ಮಾಡ್ತೀರಿ? ಆ ಕೋಣೆ ಹೇಗಿದೆ, ಬರೆದು ತೋರಿಸಿ."

ಟೋಕನ್ ಚೀಟಿಯನ್ನು ಬಿಚ್ಚಿ ಅದರ ಹಿಂದುಗಡೆ ಬರೆದ. ಇದು ಮುಂದಿನ ಕೌಂಟರು, ಇಲ್ಲಿ ಮಾವ ಕೂರ್ತಾರೆ, ನಮ್ಮಮ್ಮನ ತಮ್ಮ. ಇದು ಪರದೆ. ಇದು ಒಳಕೋಣೆ, ಇದು ನನ್ನ ಮೇಜು. ಇದು ಹಿತ್ತಲ ಬಾಗಿಲು, ಚಾದರಗಳ ಮೇಲೆ ಬೂದಿ ಹಾರುತ್ತೆ ಅಂತ ಹಾಕಿರ್ತೀವಿ. ಇದು ಒಲೆ.

"ಒಲೆ ಒಳಗೇ ಇರುತ್ತಾ?"

"ಒಳಗೇ. ಆದ್ರೆ ಇದ್ದಿಲು ಹೊತ್ತಿಸೋದು ಹಿತ್ತಲಲ್ಲಿ. ಹೊಗೆ ಎಲ್ಲಾ ಹೋಗಿ ಕೆಂಡ ಆದ ಮೇಲೇ ಒಳಗೆ ತರೋದು." ಇದನ್ನು ಹೇಳುವಾಗ ಅವನ ದನಿಯಲ್ಲಿ ಕಸುಬಿನ ಹೆಮ್ಮೆ ಇಣುಕಿತು. "ಹೊಗೆ ಹೋದ ಕೆಂಡ ಅಂದ್ರೆ ಅಷ್ಟು ಚೊಕ್ಕ ಮೇಡಂ. ಒಂದು ಚೂರು ವಾಸನೆ ಬರಲ್ಲ. ಕರೆಂಟಿನ ಇಸ್ತ್ರಿಪೆಟ್ಟಿಗೆಗೆ ಆ ತೂಕ, ಆ ಕಾವು ಎಲ್ಲಿಂದ ಬರಬೇಕು?"

"ಗಾಳಿ ಎಲ್ಲಿಂದ ಬರುತ್ತೆ?"

"ಇಲ್ಲಿ ಮೇಲೆ ಒಂದು ಕಿಂಡಿ ಇದೆ," ಎಂದು ಪೆನ್ನನ್ನು ಕಾಗದದ ಮೇಲಿಟ್ಟವನು ಹಾಗೇ ನಿಂತ. ಶಾಯಿ ಒಂದು ಚುಕ್ಕೆಯಾಗಿ ಹರಡಿತು. ಹೋದ ವರ್ಷ ರಸ್ತೆ ಅಗೆದಿದ್ದರು. ಕೆಂಪು ಧೂಳು ಕಿಂಡಿಯಿಂದ ಬಂದು ಲಾಡ್ಜಿನ ಬಿಳಿ ಚಾದರಗಳ ಮೇಲೆ ಕೂರುತ್ತಿತ್ತು, ಒಗೆದದ್ದನ್ನು ಮತ್ತೆ ಒಗೆಯಬೇಕಾಗುತ್ತಿತ್ತು. ಸ್ಟೂಲಿನ ಮೇಲೆ ಹತ್ತಿ, ಹರಿದ ಚಾದರವೊಂದನ್ನು ಸುತ್ತಿ ಸುತ್ತಿ ಕಿಂಡಿಗೆ ಗಿಡಿದವನು ಅವನೇ. ಒಂದು ಎಳೆ ಬೆಳಕೂ ಬರದ ಹಾಗೆ, ಅಚ್ಚುಕಟ್ಟಾಗಿ. ನಿನ್ನ ಕೈಗೆ ಏನು ಕೊಟ್ಟರೂ ಗೆರೆ ಕೊರೆದ ಹಾಗಿರುತ್ತೆ ಕಣೋ, ಎಂದು ಮಾವ ಹೊಗಳಿದ್ದ. ಆಮೇಲೆ ರಸ್ತೆಗೆ ಡಾಂಬರು ಬಂತು, ಧೂಳು ಹೋಯಿತು. ಚಾದರ ಮಾತ್ರ ಅಲ್ಲೇ ಉಳಿಯಿತು.

ಡಾಕ್ಟರಮ್ಮ ಹೇಳುತ್ತ ಹೋದರು. ಕೆಂಡದಿಂದ ಒಂದು ಬಗೆಯ ಗಾಳಿ ಬರುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಒಳ್ಳೆಯ ಗಾಳಿ ಕೂರುವ ಜಾಗದಲ್ಲಿ ಅದು ಕೂತುಬಿಡುತ್ತದೆ. ಬೆರಳಿಗೆ ಹಾಕುವ ಯಂತ್ರಕ್ಕೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ, ಎರಡನ್ನೂ ಒಂದೇ ಎಂದು ಎಣಿಸಿ ತೊಂಬತ್ತೊಂಬತ್ತು ಎನ್ನುತ್ತದೆ. ರಾತ್ರಿ ಮನೆಯಲ್ಲಿ ಮಲಗಿ ಒಳ್ಳೆಯ ಗಾಳಿ ಕುಡಿದು ಬೆಳಿಗ್ಗೆ ಬಂದರೆ ಪರೀಕ್ಷೆಯಲ್ಲಿ ಏನು ಸಿಕ್ಕೀತು? "ಹೊಗೆ ಇದ್ದಿದ್ರೇ ವಾಸಿ ಇತ್ತು," ಎಂದರು. "ಕೆಮ್ಮು ಬಂದು ಆಚೆ ಓಡಿರ್ತಿದ್ರಿ. ಇದೇ ಅಂತ ನಾನು ಆಣೆ ಮಾಡಲ್ಲ. ಒಲೆ ಆಚೆ ಹಾಕಿ, ಕಿಂಡಿ ಬಾಗಿಲು ಎಲ್ಲಾ ತೆಗೀರಿ, ಹದಿನೈದು ದಿನ ನೋಡೋಣ. ಒಲೆ ಆಚೆ ಹೋಗೋವರೆಗೆ ಆ ಕೋಣೆಯಲ್ಲಿ ಯಾರೂ ಇರಬಾರದು. ಹೆಚ್ಚಾದ್ರೆ ಎಚ್ಚರ ತಪ್ಪಿ ಅಲ್ಲೇ ಹೋಗ್ತಾರೆ, ಆಟ ಅಲ್ಲ ಇದು. ಅಲ್ಲಿ ಕೂತ ಬೇರೆ ಯಾರಿಗಾದ್ರೂ ಹೀಗೇ ಆಗಿತ್ತಾ?"

"ಇಲ್ಲ," ಎಂದ.

ಎಷ್ಟು ಬೇಗ ಬಂತು ಆ ಮಾತು. ಡಾಕ್ಟರಮ್ಮ ಇಲ್ಲ ಎಂದು ಬರೆದುಕೊಂಡರು. ಅವನು ಅವರ ಕೈಯನ್ನೇ ನೋಡುತ್ತಿದ್ದ. ಎರಡಕ್ಷರ, ಒಂದು ಒತ್ತು.

ಹೊರಗೆ ಬಂದಾಗ ಹನ್ನೊಂದೂವರೆ. ಬಸ್ಸಿಗೆ ಕಾಯದೆ ನಡೆದ. ಸೈಕಲ್ ಅಂಗಡಿಯ ಮುಂದೆ ಯಾರೋ ಟ್ಯೂಬಿಗೆ ಗಾಳಿ ಹಾಕಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದ. ಅವನು ಸುಮ್ಮನೆ ನಿಂತು ಗುಳ್ಳೆ ಏಳುವುದನ್ನು ನೋಡಿದ. ಬಿಡುಗಡೆಯಾದ ಹಾಗೆ ಅನ್ನಿಸಬೇಕಿತ್ತು. ತಾನು ಮೈಗಳ್ಳನಲ್ಲ, ಭಾನುವಾರ ಚೆಂಡಾಡಿದ್ದೇ ಅದಕ್ಕೆ ಸಾಕ್ಷಿ, ಈ ಕ್ಷಣ ಓಡಿಹೋಗಿ ಅಮ್ಮನ ಮುಂದೆ, ಭಾವನ ಮುಂದೆ ಚೀಟಿ ಹಿಡಿಯಬಹುದು. ಆದರೆ ಹತ್ತು ತಿಂಗಳು ಅವನು ಶಾಪವೆಂದು ಹೊತ್ತುಕೊಂಡಿದ್ದುದು ಶಾಪವೇ ಆಗಿರಲಿಲ್ಲ. ಶಾಪವಾಗಿದ್ದರೆ ಅವಳದ್ದೂ ಸ್ವಲ್ಪ ಪಾಲಿರುತ್ತಿತ್ತು, ಅವಳು ಹಾಕಿದ್ದು, ಅವನು ಉಂಡದ್ದು, ಲೆಕ್ಕ ಸರಿಹೋಗುತ್ತಿತ್ತು. ಈಗ ಉಳಿದದ್ದು ಒಂದು ಸ್ಟೂಲು, ಒಂದು ಹರಿದ ಚಾದರ, ಅವನ ಎರಡು ಕೈ. ಅವಳಿಗೆ ಕಾಯಿಲೆ ಬರಿಸಿದವನೂ ಅವನೇ, ಆ ಕಾಯಿಲೆಗೆ ಹೆಸರಿಟ್ಟವನೂ ಅವನೇ. ಶಿಕ್ಷೆ ತಾನಾಗಿ ನಡೆಯುತ್ತಿರಲೂ ಇಲ್ಲ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಬೀದಿಯ ಜನ ಕೇಳಿದ್ದರು. ಹೊಗೆಯೇ ಇಲ್ಲದೆ ಬೆಂಕಿ ಉರಿಯುತ್ತಿತ್ತಲ್ಲ, ಅದೂ ಅವಳ ಮೊಣಕಾಲಿನ ಪಕ್ಕದಲ್ಲೇ. ಆಗ ನೆನಪಾಯಿತು: ಇವತ್ತು ಅವನ ಬದಲು ಒಳಕೋಣೆಯಲ್ಲಿ ಬೆಳಿಗ್ಗೆಯಿಂದ ನಿಂತಿರುವುದು ಮಾವ. ಅವನು ಓಡತೊಡಗಿದ.

ಮಾವ ಪರದೆಯ ಹಿಂದೆ, ಬನಿಯನ್ನಿನಲ್ಲಿ, ಲಾಡ್ಜಿನ ಚಾದರಗಳ ಗುಡ್ಡೆಯ ಮುಂದೆ ನಿಂತಿದ್ದ. ಮುಖ ಕೆಂಪಾಗಿತ್ತು. "ಬಂದೆಯಾ ಮೈಗಳ್ಳ? ಏನಂದ್ರು ಈ ಸಲ, ಕಬ್ಬಿಣವೋ ಉಕ್ಕೋ?" ಎಂದವನು ಮಾತು ಮುಗಿಸಲಾರದೆ ಮೇಜು ಹಿಡಿದುಕೊಂಡ. ಅವನು ಉತ್ತರ ಕೊಡದೆ ಹಿತ್ತಲ ಬಾಗಿಲನ್ನು ಪೂರ್ತಿ ತೆರೆದು, ಮಾವನ ರಟ್ಟೆ ಹಿಡಿದು ಹೊರಗೆ ಕಲ್ಲಿನ ಮೇಲೆ ಕೂರಿಸಿದ. ಮತ್ತೆ ಒಳಗೆ ಬಂದು, ಒಲೆಯ ಎರಡೂ ಕಿವಿಗಳಿಗೆ ಒದ್ದೆ ಬಟ್ಟೆ ಸುತ್ತಿ, ಅದನ್ನು ಎಳೆದು ಹಿತ್ತಲಿಗೆ ಹಾಕಿದ. ಆಮೇಲೆ ಸ್ಟೂಲು ಎಳೆದು ಹತ್ತಿ ಕಿಂಡಿಗೆ ಕೈ ಹಾಕಿದ. ಅವನೇ ಗಿಡಿದದ್ದು, ಸುಲಭಕ್ಕೆ ಬರಲಿಲ್ಲ. ಎರಡು ಕೈಯಲ್ಲಿ ಜಗ್ಗಿದಾಗ ಒಮ್ಮೆಗೇ ಕಿತ್ತು ಬಂತು. ವರ್ಷದ ಧೂಳು, ಸತ್ತ ಜೇಡ, ಒಂದು ಹಿಡಿ ಸುಣ್ಣದ ಪುಡಿ ಬಿಳಿ ಚಾದರಗಳ ಮೇಲೆ ಸುರಿಯಿತು.

"ಏಯ್! ಸಂಜೆಗೆ ಕೊಡಬೇಕಾಗಿರೋ ಚಾದರ ಕಣೋ! ತಲೆ ಕೆಟ್ಟಿದೆಯಾ ನಿನಗೆ?"

"ಮಾವ, ನಿಮಗೆ ಬೆಳಿಗ್ಗೆಯಿಂದ ತಲೆನೋವಾ?"

"ಹೂಂ, ಪಿತ್ತ. ಸರಿಯಾಗಿ ತಿಂದಿಲ್ಲ."

"ಪಿತ್ತ ಅಲ್ಲ ಮಾವ."

ಎದುರಿಗೆ ಕುಕ್ಕರಗಾಲಲ್ಲಿ ಕೂತು ಹೇಳಿದ. ಮಾವ ಮೊದಲು ನಕ್ಕ, ಆಮೇಲೆ ಸಿಟ್ಟಾದ. ನಮ್ಮಪ್ಪ ನಲವತ್ತು ವರ್ಷ ಇದೇ ಕೆಂಡದ ಮುಂದೆ ನಿಂತ, ಅವನಿಗೇನಾಯ್ತು? ತಾತ ನಿಂತಾಗ ಕಿಂಡಿ ತೆರೆದಿತ್ತು ಮಾವ, ಎಂದ. ಹಿತ್ತಲ ಗಾಳಿಗೆ ಕೆಂಡ ಬೂದಿಯಾಗುತ್ತಿದ್ದುದನ್ನು ಮಾವ ನೋಡಿದ. ಕೆಟ್ಟ ಮನುಷ್ಯನಲ್ಲ, ಇವನಪ್ಪ ಹೋದ ಮೇಲೆ ಇವನನ್ನು ಕರೆದು ಕೈಗೆ ಕೆಲಸ ಕೊಟ್ಟವನು, ಗಿರಾಕಿಯ ಜೇಬಿನಲ್ಲಿ ಉಳಿದ ಹಳೆಯ ಬಸ್ ಟಿಕೀಟನ್ನೂ ಎತ್ತಿಟ್ಟು ಕೊಡುವವನು.

"ಹಾಗಾದ್ರೆ ಆ ಗುಂಡಿ..." ಎಂದು ಶುರುಮಾಡಿ ನಿಲ್ಲಿಸಿದ. "ನಾನೇ ಬಿಡಿಸಿದೆನಲ್ಲೋ."

"ಹೂಂ."

"ಆಗಿದ್ದು ಆಗಿಹೋಯ್ತು," ಎಂದ ಮಾವ. "ಕಿಂಡಿ ತೆಗೆದಾಯ್ತು, ಒಲೆ ಆಚೆ ಬಂತು. ಇನ್ನು ಇದನ್ನ ಎಲ್ಲೂ ಉಸಿರೆತ್ತಬೇಡ. ಅಂಗಡಿ ಮಾತು ಬಿಡು. ಅವಳ ಮುಂದೆ ಯಾವ ಮುಖ ಹೊತ್ಕೊಂಡು ಹೋಗಿ ನಿಲ್ತೀಯ?"

"ಇರೋದೇ ಒಂದು ಮಾವ," ಎಂದು ಎದ್ದ. ಕೈಯಲ್ಲಿ ಇನ್ನೂ ಆ ಹರಿದ ಚಾದರ ಇತ್ತು. ಎಸೆಯಬೇಕೆಂದು ತೋಚದೆ ಅದನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡೇ ಹೊರಟ.

ಅವಳ ಬೀದಿ ಎರಡು ತಿರುವು ಆಚೆ, ಒಂದು ವರ್ಷದಿಂದ ಅವನು ಸುತ್ತು ಹಾಕಿ ತಪ್ಪಿಸಿಕೊಂಡು ಓಡಾಡಿದ ಬೀದಿ. ದಾರಿಯುದ್ದಕ್ಕೂ ಮಾತು ಹೊಂದಿಸಿದ. ಮೊದಲು ಡಾಕ್ಟರು ಹೇಳಿದ್ದನ್ನು ಹೇಳುವುದು, ಆಮೇಲೆ ಕಿಂಡಿ, ಕೊನೆಗೆ ಕ್ಷಮೆ. ಬೇಡ, ಮೊದಲು ಕ್ಷಮೆ. ಅವಳು ಅತ್ತರೆ? ಅವಳು ಅಳಲಿ ಎಂದು ಒಳಗೆ ಎಲ್ಲೋ ಆಸೆಯೂ ಇದೆಯಲ್ಲ ಎಂದು ತನ್ನ ಮೇಲೇ ಹೇಸಿಕೊಂಡ. ಅವಳು ಮನೆಯ ಹೊರಮೆಟ್ಟಿಲ ಮೇಲೆ ಕೂತಿದ್ದಳು, ಪಕ್ಕದಲ್ಲಿ ಯಾವುದೋ ಕಾರ್ಖಾನೆಯಿಂದ ತಂದ ಅಂಗಿಗಳ ಮೂಟೆ, ಮಡಿಲಲ್ಲಿ ಗುಂಡಿಗಳ ಡಬ್ಬಿ. ಕೆನ್ನೆ ತುಂಬಿಕೊಂಡಿತ್ತು. ಅವನಿಗೆ ಮೊದಲು ಕಂಡದ್ದೇ ಅದು.

"ಏನು ಗೆರೆ," ಎಂದಳು, ಸೂಜಿ ನಿಲ್ಲಿಸದೆ. "ದಾರಿ ತಪ್ಪಿತಾ?"

ಎದುರು ಮನೆಯಲ್ಲಿ ಕನ್ನಡಕದಮ್ಮ ಕಿಟಕಿಯ ಬಳಿ ಕೂತು ಏನೋ ಬಿಡಿಸುತ್ತಿದ್ದಳು. ಅವನು ಅತ್ತ ಒಮ್ಮೆ ನೋಡಿ, ಮೆಟ್ಟಿಲಿನ ಕೆಳಗೆ ಬಗ್ಗಿ ನಿಂತು, ತಗ್ಗಿದ ದನಿಯಲ್ಲಿ ಹೇಳತೊಡಗಿದ. ಹೊಂದಿಸಿದ ಕ್ರಮ ಎಲ್ಲ ಕಲಸಿಹೋಯಿತು. ಕಿಂಡಿ, ಕೆಂಡ, ನನಗೂ ಹಾಗೇ ಆಯ್ತು, ಒಂದೂ ಬಿಡದೆ ಹಾಗೇ, ಡಾಕ್ಟರಮ್ಮ ಹೇಳಿದ್ರು, ನಿನ್ನದು ಅದಲ್ಲ, ನಿನಗೆ ಆದದ್ದು ಅದೇ, ನಾನೇ ಮುಚ್ಚಿದ್ದು. ಕಂಕುಳಿಂದ ಚಾದರ ತೆಗೆದು ಮೆಟ್ಟಿಲ ಮೇಲಿಟ್ಟ. ಅವಳು ಅದನ್ನು ನೋಡಿ, ದಾರವನ್ನು ಹಲ್ಲಿನಲ್ಲಿ ಕಡಿದಳು.

"ಗೊತ್ತು," ಎಂದಳು.

"ಏನು ಗೊತ್ತು?"

"ಮನೇಲಿ ಕೂತ ನಾಲ್ಕನೇ ದಿನಕ್ಕೆ ಎಲ್ಲಾ ನಿಂತುಹೋಯ್ತು. ಸುಸ್ತು ಇಲ್ಲ, ವಾಂತಿ ಇಲ್ಲ. ಡಾಕ್ಟರು ಬೇಕಾ ಇದಕ್ಕೆ? ಆ ಕೋಣೇದೇ ಏನೋ ಅಂತ ನನಗೆ ಆಗಲೇ ಗೊತ್ತಾಯ್ತು. ಅಮ್ಮ ಮಾತ್ರ ಬಿಡಲಿಲ್ಲ. ಕರ್ಕೊಂಡು ಹೋಗಿ ಪರೀಕ್ಷೆ ಮಾಡಿಸಿದ್ಲು. ಏನೂ ಇಲ್ಲ ಅಂತ ಚೀಟಿ ಬಂತು. ಆ ಚೀಟೀನ ಏನು ಮಾಡೋದು ಹೇಳು? ಕೋಲಿಗೆ ಕಟ್ಟಿ ಬೀದೀಲಿ ಹಿಡ್ಕೊಂಡು ಓಡಾಡೋಕಾಗುತ್ತಾ?" ನಕ್ಕಳು. ಹಳೆಯ ನಗುವೇ, ಆದರೆ ಅವನನ್ನು ಜೊತೆಗೆ ಸೇರಿಸಿಕೊಳ್ಳದ ನಗು.

"ಗೊತ್ತಿದ್ದೂ ಬಂದು ಹೇಳಲಿಲ್ಲ ಯಾಕೆ? ನಮಗೆ ಹೇಳಿದ್ರೆ..."

ಅವಳ ಸೂಜಿ ಈಗ ನಿಂತಿತು.

"ಹೇಳಿದ್ದೆನಲ್ಲ ಗೆರೆ."

"ಯಾವಾಗ?"

"ಅವತ್ತೇ. ಕನ್ನಡಕದಮ್ಮ ಸೀರೆಗೆ ಬಂದಿದ್ರಲ್ಲ, ಅವತ್ತು. ನೀನು ಕಾಲರಿಗೆ ನೀರು ಚಿಮುಕಿಸ್ತಾ ಇದ್ದೆ. ಉಸಿರು ಕಟ್ತಾ ಇದೆ, ವಾಕರಿಕೆ ಬರ್ತಾ ಇದೆ, ಆ ಕಿಂಡಿ ಬಟ್ಟೆ ಒಂದು ತೆಗಿಯೋ ಅಂದೆ. ಕೈಮುಗಿದು ಅಂದೆ. ಅದಕ್ಕೆ ತಾನೇ ನೀನು ಕೂಗಿದ್ದು, ಸಿಹಿ ತಂದಿಡಿ ಅಂತ?"

ನೀರು ಚಿಮುಕಿಸುವ ತೂತಿನ ಬಾಟಲಿ, ಕಾಲರಿನ ಮೇಲೆ ಬಿದ್ದ ಹನಿಗಳು, ಇಸ್ತ್ರಿಯಡಿ ಅವು ಚುರ್ ಎಂದ ಸದ್ದು. ಎಲ್ಲ ಇತ್ತು ನೆನಪಿನಲ್ಲಿ. ಒಂದು ವರ್ಷದಿಂದ ಆ ಮಾತನ್ನು ಅವನು ದಿನವೂ ತಿರುವಿ ನೋಡಿದ್ದ. ಕೂಗಿದ್ದು, ಮಾವ ನಕ್ಕದ್ದು, ಕನ್ನಡಕದಮ್ಮ ನಗದಿದ್ದದ್ದು. ಆದರೆ ಪ್ರತಿ ಸಲವೂ ಅದು ತಾನು ಕೂಗಿದಲ್ಲಿಂದಲೇ ಶುರುವಾಗುತ್ತಿತ್ತು. ಅದಕ್ಕೆ ಮೊದಲು ಅವಳು ಕೈ ಮುಗಿದಿದ್ದಳು. ಅದನ್ನು ಅವನು ಎಲ್ಲಿಟ್ಟಿದ್ದ? ಬಿಸಿಲು ನೆತ್ತಿಗೆ ಬಡಿಯುತ್ತಿತ್ತು. ತಪ್ಪಾಯ್ತು, ಎಂದ. ಅಷ್ಟು ಸಣ್ಣಗೆ ಎಂದನೆಂದರೆ ಅವನಿಗೇ ಸರಿಯಾಗಿ 'ಯ್ತು' ಕೇಳಿಸಲಿಲ್ಲ.

ಅವಳು ಇನ್ನೊಂದು ಅಂಗಿ ಎತ್ತಿಕೊಂಡು ಅದೇ ಬಣ್ಣದ ಗುಂಡಿಗಾಗಿ ಡಬ್ಬಿಯಲ್ಲಿ ಬೆರಳಾಡಿಸಿದಳು. ಸಿಕ್ಕಿದ್ದನ್ನು ಬಟ್ಟೆಯ ಮೇಲಿಟ್ಟು ನೋಡಿ, ಸರಿಹೋಗಲಿಲ್ಲವೆಂದು ಮತ್ತೆ ಒಳಗೆ ಹಾಕಿದಳು.

"ಅವತ್ತು ಬೀದಿಗೆಲ್ಲಾ ಕೇಳೋ ಹಾಗೆ ಕೂಗಿದ್ದೆ," ಎಂದಳು. "ಇವತ್ತು ಯಾಕೆ ನನ್ನ ಕಿವೀಲಿ ಹೇಳ್ತಿದ್ದೀಯ? ನನಗೆ ಗೊತ್ತಿರೋದನ್ನ ನನಗೆ ಹೇಳಿ ಏನು ಪ್ರಯೋಜನ?"

ಅವನು ತಲೆ ಎತ್ತಿದ. ಎದುರು ಕಿಟಕಿಯಲ್ಲಿ ಕನ್ನಡಕ ಎರಡು ಬಿಳಿ ಬಿಲ್ಲೆಗಳಾಗಿ ಇತ್ತ ತಿರುಗಿತ್ತು. ಪಕ್ಕದ ಮನೆಯ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸು ಕ್ಲಿಪ್ಪನ್ನು ಬಾಯಲ್ಲೇ ಹಿಡಿದು ನಿಂತಿದ್ದಳು. ಮಾವನ ಅಂಗಡಿ, ಅಮ್ಮನ ಮುಖ, ಇನ್ನು ಮುಂದೆ ಈ ಬೀದಿಯ ಚಾದರ, ಅಂಗಿಗಳು ಯಾವ ಅಂಗಡಿಗೆ ಹೋಗುತ್ತವೆ ಎಂಬುದು, ಎಲ್ಲವೂ ಒಟ್ಟಿಗೆ ನೆನಪಿಗೆ ಬಂತು. ಓಡಿಬಿಡಬಹುದಿತ್ತು, ಇವತ್ತು ಕಾಲಿನಲ್ಲಿ ಬಲವಿತ್ತು. ಬೀದಿಯ ನಡುವಿಗೆ ಹೋಗಿ ನಿಂತ. "ಅಮ್ಮಾ, ನೀವು... ಹೋದ ವರ್ಷ ಅಂಗಡೀಲಿ ನಾನು..." ಎಂದು ಶುರುಮಾಡಿದ. ಉಸಿರು ಅರ್ಧಕ್ಕೇ ನಿಂತು ಮಾತು ಒಡೆಯಿತು. ಇಲ್ಲಿ ಕೆಂಡ ಇರಲಿಲ್ಲ, ಮುಚ್ಚಿದ ಕಿಂಡಿ ಇರಲಿಲ್ಲ, ತಲೆಯ ಮೇಲೆ ಬೇಕಾದಷ್ಟು ಗಾಳಿ ಇತ್ತು. ತಿರುಗಿ ಅವಳ ಕಡೆ ನೋಡಿದ, ಇಷ್ಟು ಸಾಕೇ ಎಂದು ಕೇಳುವವನ ಹಾಗೆ.

ಅವಳು ಸೂಜಿಯ ಕಣ್ಣಿಗೆ ದಾರ ಪೋಣಿಸುತ್ತಿದ್ದಳು.

"ಕೇಳಿಸಲಿಲ್ಲ," ಎಂದಳು, ತಲೆ ಎತ್ತದೆ. "ಮೊದಲಿಂದ ಹೇಳು."